ಹೆಬ್ಬೆರಳು

ಅವನ ಡಾಕ್ಟರ್ ಚೀಲ ತುಂಬುತ್ತಿದ್ದವನು ನಾನು.
ಹನ್ನೊಂದು ವರ್ಷ. ಒಳಗೆ ಒಂದು ಇಟ್ಟಿಗೆ, ತೂಕಕ್ಕೆ;
ಮೇಲೆ ಹಳೇ ಟವೆಲು; ಕೆಲವು ದಿನ
ನನ್ನ ಮಧ್ಯಾಹ್ನದ ಬ್ರೆಡ್ಡೂ.
ಕ್ಯಾಮೆರಾಕ್ಕೆ ತಿಳಿಯುವುದು ಭಾರವಷ್ಟೇ.

ಅಯೋವಾದವನು. ಅಪ್ಪ ಹಂದಿ ಕಡಿಯುವ ಕಾರ್ಖಾನೆಯಲ್ಲಿ
ಮೂವತ್ತು ವರ್ಷ ಗೊರಸು ಕಿತ್ತವನು.
ಹುಟ್ಟುಹೆಸರು ಎಮಿಲ್ ನೊವೊಟ್ನಿ.
ಅನ್ನದಲ್ಲಿ ಕಲ್ಲು ಸಿಕ್ಕ ಹಾಗಿದೆ ಎಂದು
ಸ್ಟುಡಿಯೋದವರು ಎಮೆಟ್ ನೋಲನ್ ಮಾಡಿದರು.
ಅಮ್ಮ ಮಾತ್ರ ಕಾಗದದ ಮೇಲೆ
ಸಾಯುವವರೆಗೂ ಹಳೆಯದನ್ನೇ ಬರೆದಳು;
ಅಂಚೆಯವನು ಮೂರು ಸಲ ಹಿಂತಿರುಗಿಸಿದ.

ಕುದುರೆ ಕಂಡರೆ ಜೀವ ಬಾಯಿಗೆ ಬರುತ್ತಿತ್ತು ಅವನಿಗೆ.
ಹಾಗಾಗಿ ಶೆರಿಫ್ ಆಗಲಿಲ್ಲ, ಕಳ್ಳನೂ ಆಗಲಿಲ್ಲ,
ಊರಲ್ಲೇ ಕೂತು ಗುಂಡು ತೆಗೆಯುವ ವೈದ್ಯನಾದ.
ಪ್ರತಿ ಗುರುವಾರ ರಾತ್ರಿ ಎಂಟೂವರೆಗೆ
ಸಾಯುವವನ ಮಣಿಕಟ್ಟು ಹಿಡಿದು
ಕಿಟಕಿಯಾಚೆ ನೋಡಿ ತಲೆ ಆಡಿಸುತ್ತಿದ್ದ.
ಕಿಟಕಿಯಾಚೆ ಇದ್ದದ್ದು ನಾನು,
ಧೂಳೆಬ್ಬಿಸುವ ಫ್ಯಾನಿನ ಪಕ್ಕ, ಸಿಗರೇಟು ಸೇದುತ್ತ.

ಆರನೆಯ ವರ್ಷ ಒಹಾಯೋದಿಂದ ನಿಜವಾದ ಡಾಕ್ಟರೊಬ್ಬ ಬರೆದ:
'ಸ್ವಾಮಿ, ನಾಡಿಯನ್ನು ಹೆಬ್ಬೆರಳಲ್ಲಿ ನೋಡಬಾರದು.
ಅದಕ್ಕೆ ಅದರದೇ ಮಿಡಿತ ಉಂಟು.
ಇಷ್ಟು ವರ್ಷ ನೀವು ಎಣಿಸಿದ್ದು ನಿಮ್ಮನ್ನೇ.'
ಓದಿ ಓದಿ ನಕ್ಕ. ಮೇಕಪ್ ಕನ್ನಡಿಗೆ ಅಂಟಿಸಿಕೊಂಡ.
ನಿರ್ದೇಶಕ ಅಂದ: ಹೆಬ್ಬೆರಳೇ ಇರಲಿ, ಚೆನ್ನಾಗಿ ಕಾಣುತ್ತೆ.

ಜನರೋ,
ಬರ್ಬ್ಯಾಂಕಿನ ಅಂಗಡಿಯಲ್ಲಿ ಅವನು ಈರುಳ್ಳಿ ಆರಿಸುತ್ತಿದ್ದರೆ
ಮಗುವಿನ ನಾಲಿಗೆ ಹೊರಗೆ ಚಾಚಿಸಿ ನಿಲ್ಲುತ್ತಿದ್ದರು.
ಲಾರಿಯವನೊಬ್ಬ ಅಂಗಿ ಎತ್ತಿ ಗಂಟು ತೋರಿಸಿದ.
ನಾನು ಬರೀ ನಟ, ಅಂದ ಇವನು.
ಗೊತ್ತು ಡಾಕ್ಟ್ರೇ, ಆದರೂ ಒಮ್ಮೆ ಮುಟ್ಟಿ ನೋಡಿ.
ಮುಟ್ಟಿದ. ಇನ್ನೇನು ಮಾಡಿಯಾನು?
ತನ್ನ ಕಾರಲ್ಲೇ ಆಸ್ಪತ್ರೆಗೆ ಒಯ್ದ, ದುಡ್ಡೂ ಕಟ್ಟಿದ.
ಯಾರಿಗೂ ಹೇಳಬೇಡ ಅಂದಿದ್ದ.
ಹೇಳಿಬಿಟ್ಟೆ.

ಧಾರಾವಾಹಿ ನಿಂತ ಮೇಲೆ ಬಂದದ್ದು ಕಡಿಮೆ:
ಬಿಳಿ ಕೋಟು ತೊಡಿಸಿ ಕೆಮ್ಮಿನ ಔಷಧಿಯ ಜಾಹೀರಾತು,
ಒಂದು ಪತ್ತೇದಾರಿ ಕಂತಿನಲ್ಲಿ ಹೆಣ,
ಮಧ್ಯಾಹ್ನದ ಮರುಪ್ರಸಾರಕ್ಕೆ ನಾಲ್ಕು ಡಾಲರಿನ ಚೆಕ್ಕು.

ಅಡೆಲ್‌ಳ ಕೊನೆಯ ರಾತ್ರಿ ನಾನೂ ಇದ್ದೆ.
ಹೆಂಡತಿಯ ಮಣಿಕಟ್ಟು ಹಿಡಿದು ಕೂತಿದ್ದ,
ಹನ್ನೊಂದು ವರ್ಷದ ಅಭ್ಯಾಸ.
ಕಿಟಕಿಯಾಚೆ ನೋಡಲಿಲ್ಲ, ತಲೆ ಆಡಿಸಲಿಲ್ಲ.
ನರ್ಸು ಬಂದು, ಬೆರಳಿಟ್ಟು, ಗಡಿಯಾರ ನೋಡಿ
ಆಯಿತು ಮಿಸ್ಟರ್ ನೋಲನ್, ಅಂದಳು.
ಇಲ್ಲಮ್ಮ, ಅಂದ. ಇದೆ. ಹೊಡೆದುಕೊಳ್ಳುತ್ತಿದೆ. ನೋಡು ಬೇಕಾದರೆ.

ನನಗೆ ಆ ಕಾಗದ ನೆನಪಿತ್ತು.
ಅವನಿಗೂ ಇತ್ತು, ಕಂಡೆ.
ಇಬ್ಬರೂ ಆಡಲಿಲ್ಲ.
ನರ್ಸು ದೀಪ ಸಣ್ಣದು ಮಾಡಿ ಹೋದಳು.
ಬೆಳಕು ಹರಿಯುವವರೆಗೂ ಎಣಿಸಿದ.

ಕುರ್ಚಿಯ ಕಾಲ ಬಳಿ ಅವಳ ಬಟ್ಟೆಯ ಚೀಲ.
ಎತ್ತಿದೆ. ಎಷ್ಟು ಹಗುರ!
ಇಟ್ಟಿಗೆ ಇಡಲು ಮರೆತವನ ಹಾಗೆ
ನಿಂತೇ ಇದ್ದೆ.