ಹೊರಡದ ಬಸ್ಸುಗಳು

ಶಿವಮೊಗ್ಗದ ಪ್ರೈವೇಟ್ ಸ್ಟ್ಯಾಂಡಿನಲ್ಲಿ
ಇಪ್ಪತ್ತೆಂಟು ವರ್ಷ ಸೀಟಿ ಊದಿದವರು ಹಾಲೇಶಪ್ಪ.
ಒಂದು ನಿಮಿಷ ಹೆಚ್ಚು ನಿಂತ ಬಸ್ಸಿನ ಮೈಗೆ
ಅಂಗೈಯಿಂದ ಎರಡು ಏಟು:
'ಹೊರಡಯ್ಯ, ಹಿಂದಿನವನ ಹೊಟ್ಟೆ ಮೇಲೆ ಹೊಡೀಬೇಡ.'

ಈಗ ಮೂರನೇ ವಾರ್ಡಿನ ಕಿಟಕಿ ಪಕ್ಕದ ಮಂಚ.
ಸೊಂಟದ ಮೂಳೆಗೆ ಸೂಜಿ ಇಳಿಸಿ
ಡಾಕ್ಟರು ಎಳೆದುಕೊಟ್ಟ ಮಜ್ಜೆಯನ್ನು
ಗಾಜಿನ ಮೇಲೆ ಸವರಿ, ಬಣ್ಣ ಹಾಕಿ
ಕಣ್ಣಿಟ್ಟು ನೋಡಿದವಳು ನಾನು.
ಬಲಿಯದ ಕಣಗಳು, ನೇರಳೆ,
ಒಂದರ ಮೈಮೇಲೊಂದು.
ಕೆಂಪಿಗೆ ಕಾಲಿಡಲು ಜಾಗವಿಲ್ಲ.

'ಏನಾಗಿದೆ ಹೇಳಮ್ಮ, ನಂಗೆ ಅರ್ಥ ಆಗೋ ಹಾಗೆ.'

ಹೇಳಿದೆ:
ರಕ್ತದ ಒಂದೊಂದು ಕಣಕ್ಕೂ ಒಂದು ಟೈಮಿಂಗ್ ಇದೆ.
ಆಯಿತೆಂದರೆ ಹೊರಡಬೇಕು ತನ್ನಷ್ಟಕ್ಕೆ,
ಹಾಸಿಗೆ ಸುತ್ತಿಟ್ಟ ಹಾಗೆ ತನ್ನನ್ನೇ ಸುತ್ತಿ,
ಪಕ್ಕದವರ ನಿದ್ದೆ ಕೆಡಿಸದೆ.
ಸಾಯಲು ಹೇಳಿಕೊಡುವ ಜೀನುಗಳಿವೆ ಒಳಗೆ.
ನಿಮ್ಮಲ್ಲಿ ಕೆಲವು ಸೀಟಿ ಊದುತ್ತಿಲ್ಲ,
ಊದಿದರೂ ಕೆಲವು ಬಸ್ಸು ಕೇಳುತ್ತಿಲ್ಲ.

ನಕ್ಕರು. ಒಸಡಿನ ಸಂದಿಯಲ್ಲಿ ರಕ್ತ.
'ಬಂದು ಬಂದು ಟೈಂಕೀಪರಿಗೇ ಬಂತಾ!'

ಸಾವಿನಲ್ಲಿ ಬಗೆಗಳುಂಟು ಎಂದೂ ಹೇಳಿದೆ,
ಹೇಳಬಾರದಿತ್ತೇನೋ.
ಮುದುಡಿ ಸಾಯುವುದು, ಉಬ್ಬಿ ಒಡೆದು ಸಾಯುವುದು,
ಒಳಗಿನ ಕಬ್ಬಿಣವೇ ಹಗೆಯಾಗಿ
ಪೊರೆಗೆ ತುಕ್ಕು ಹಿಡಿದಂತೆ ಸಾಯುವುದು.
ಕಬ್ಬಿಣವೆಂದಾಗ ಹೊರಳಿ ನೋಡಿದರು.
ಅವರಪ್ಪ ಭದ್ರಾವತಿಯ ಕುಲುಮೆ ಮುಂದೆ
ಹುಬ್ಬು ಸುಟ್ಟುಕೊಂಡು ನಿಂತವರು.
'ನಮ್ಮನೆಗೆ ಅನ್ನ ಹಾಕಿದ್ದು ಕಣಮ್ಮ ಅದು.
ಕೊಲ್ಲೋದೇ ಆದ್ರೆ ಈ ಕಳ್ಳರನ್ನ ಕೊಲ್ಲಲಿ.'

ಐಸ್ ಡಬ್ಬಿಯಲ್ಲಿ ಮಜ್ಜೆ ರಾತ್ರಿ ಬಸ್ಸು ಹತ್ತಿತು.
ಹದಿನೇಳು ದಿನಕ್ಕೆ ಬಂತು ಉತ್ತರ:
ಇಪ್ಪತ್ತೊಂದು ಜೀನು, ಯಾವುದರ ದನಿ ಜೋರು,
ಯಾವುದು ಪಿಸುಮಾತು, ಯಾವುದು ಮೂಕ,
ತೂಗಿ, ಗುಣಿಸಿ, ಕೂಡಿ
ಕೊನೆಗೆ ಒಂದೇ ಒಂದು ಅಂಕಿ.
ಗೆರೆಯ ಆಚೆ ಬಿದ್ದಿತ್ತು.

ಕೆಳಗೆ ಚಿತ್ರ. ನೀಲಿ ಗೆರೆ ನಿಧಾನ.
ಕೆಂಪು ಗೆರೆ ಹೊಳೆಯ ಸೋಪಾನದಂತೆ
ದಡದಡ ನೀರಿಗಿಳಿಯುತ್ತದೆ.
ಪ್ರತಿ ಮೆಟ್ಟಿಲೂ ಒಬ್ಬರು. ಹೆಸರಿಲ್ಲ.
ಯಾರದೋ ಮಜ್ಜೆ, ಯಾರದೋ ಮಂಗಳವಾರ.
ನಡುನಡುವೆ ಚಿಕ್ಕ ಚಿಕ್ಕ ಗೀಟು:
ಅವರು ಸತ್ತವರಲ್ಲ,
ಅಲ್ಲಿಂದಾಚೆ ಅವರ ಸುದ್ದಿ ಲೆಕ್ಕಕ್ಕೆ ಸಿಕ್ಕಿಲ್ಲ, ಅಷ್ಟೆ.
ನಾನು ಆ ಗೀಟುಗಳನ್ನೇ ಎಣಿಸುತ್ತ ಕೂತೆ,
ಊಟದ ಡಬ್ಬಿ ಬಿಚ್ಚದೆ.

'ನನ್ನದು ಎಷ್ಟು ಗಂಟೆಗೆ?'

ಇದು ನೂರು ಬಸ್ಸಿನ ಲೆಕ್ಕ, ನಿಮ್ಮದೊಂದರದಲ್ಲ ಎಂದೆ.
ತಡವಾಗಿ ಬಂತು ಅವರ ಮಾತು, ಏದುಸಿರಿನ ನಡುವೆ:
'ಆರೂ ಹತ್ತರ ಆಗುಂಬೆ ಗಾಡಿ
ಮಂಜಿನ ತಿಂಗಳಲ್ಲಿ ಒಂದು ದಿನವೂ
ಆರೂ ಹತ್ತಕ್ಕೆ ಬಿಟ್ಟಿದ್ದಿಲ್ಲ.
ಆದ್ರೆ ಬೋರ್ಡಲ್ಲಿ ಬರೀದೇ ಇದ್ರೆ
ಒಬ್ಬನೂ ಬಂದು ನಿಲ್ತಿರಲಿಲ್ಲ ಅಲ್ವಾ?
ಬರೆದಿದ್ದಾರಲ್ಲ, ಬರೀಲಿ.
ಡಾಕ್ಟರು ಏನಂತಾರೆ?'

ಡಾಕ್ಟರ್ ರುಖಿಯಾ ಔಷಧಿ ಬದಲಿಸಿದರು.
ಗೆರೆಯ ಈಚೆ ಬಿದ್ದಿದ್ದರೆ ಕೊಡದಷ್ಟು ಖಾರದ್ದು.
ಹೊನ್ನಾಳಿಯಿಂದ ತಮ್ಮನನ್ನು ಕರೆಸಿ
ಅವನ ರಕ್ತವನ್ನೂ ತೆಗೆಸಿದರು.
ಎರಡು ವರ್ಷದಿಂದ ಹೊಲದ ಬದುವಿಗೆ ಮಾತು ಬಿಟ್ಟಿದ್ದವನು
ಅಂಗಿ ತೋಳು ಮಡಚಿ, ಬಾಯಿ ಬಿಡದೆ,
ಕೈ ಚಾಚಿ ಕೂತ.

ಇವತ್ತು ಎರಡನೇ ಮಜ್ಜೆ.
ಡಬ್ಬಿ ಹಿಡಿದು ನಾನೇ ಹೋಗಿದ್ದೆ ಸ್ಟ್ಯಾಂಡಿಗೆ,
ಚೀಟಿ ಬರೆಸಿ, ಕಂಡಕ್ಟರನ ಕೈಗಿತ್ತು
ವಾರ್ಡಿಗೆ ಮರಳಿದರೆ
ಕೂದಲುದುರಿದ ತಲೆ ದಿಂಬಿನಿಂದೆತ್ತಿ ಕೇಳಿದರು:
'ಹತ್ತೂ ಕಾಲಿಗೆ ಬಿಟ್ಟನಾ?'

ಎರಡು ನಿಮಿಷ ಲೇಟು.

'ಬರ್ಕೋ' ಎಂದರು.
ಬರೆದುಕೊಂಡೆ.