ಮೂರು ಕಿಲೋ

ತಾಂಡೇಲ್ ಬಾಯಿ ಕೊಟ್ಟ ಥರ್ಮಾಕೋಲ್ ಪೆಟ್ಟಿಗೆ,
ಮೂರು ಸಲ ತೊಳೆದರೂ ಬಂಗಡೆ ವಾಸನೆ.
ಸ್ಕ್ರೂಡ್ರೈವರ್ ಕಾಯಿಸಿ ತಳಕ್ಕೆ ತೂತು ಹೊಡೆದೆ,
ಹಳೇ ಪೇಪರು ಹರಿದು ನೆನೆಸಿ ಹಾಸಿದೆ;
ಷೇರುಪೇಟೆ ಪುಟ ಮೇಲೆ ಬಂತು, ಇರಲಿ.

ಹುಳು ಬಂದದ್ದು ಕರ್ಜತ್ ಲೋಕಲ್‌ನಲ್ಲಿ,
ಶ್ರೀಖಂಡದ ಡಬ್ಬಿಯೊಳಗೆ, ನನ್ನ ತೊಡೆಯ ಮೇಲೆ.
ಪಕ್ಕದವರು ಕೇಳಿದರು: ಕೇಸರಿಯೋ, ಏಲಕ್ಕಿಯೋ?

ಬಾಳೆಸಿಪ್ಪೆ ಅವಕ್ಕೆ, ಚಹಾದ ಚರಟ ಅವಕ್ಕೆ.
ನಿಂಬೆ ಆಗದು. ಈರುಳ್ಳಿಯೂ ಆಗದು.
"ನಮ್ಮತ್ತೆಗಿಂತ ಮಡಿ" ಅಂದಳು ಸುಗುಣ.

ಏಪ್ರಿಲ್ ಸೆಕೆಗೆ ಒದ್ದೆ ಗೋಣಿ ಹೊದಿಸಿ
ರಾತ್ರಿ ಎರಡಕ್ಕೆದ್ದು ಮುಟ್ಟಿ ನೋಡಿದ್ದುಂಟು.
ಅವಳಿಗೆ ಹೇಳಿಲ್ಲ.

ನಮ್ಮ ಬಾಲ್ಕನಿಗೆ ಬಿಸಿಲು ನಲವತ್ತೇ ನಿಮಿಷ.
ಅಷ್ಟರಲ್ಲಿ ಗುಡ್ಡೆ ಸುರಿದು ಕಾದು ಕೂತೆ.
ಬೆಳಕಿಗೆ ಬೆದರಿ ಅವು ಕೆಳಕೆಳಗೆ ಇಳಿದಂತೆ
ಮೇಲುಮೇಲಿಂದ ಕೆರೆದುಕೊಂಡೆ ಗೊಬ್ಬರ.
ಬಂಗಡೆ ಇಲ್ಲ. ಷೇರುಪೇಟೆ ಇಲ್ಲ.
ಸೇಬಿಗಂಟಿದ್ದ ಸ್ಟಿಕ್ಕರ್ ಮಾತ್ರ
ನಂಬರಿನ ಸಮೇತ ಹಾಗೇ.

ಕಡೆಗೆ ಉಳಿದದ್ದು ಮುಷ್ಟಿಯಷ್ಟು ಹುಳು,
ಒಂದಕ್ಕೊಂದು ಹೆಣೆದುಕೊಂಡು, ಒದ್ದೆಯಾಗಿ.
ಮತ್ತೆ ಪೆಟ್ಟಿಗೆಗೆ ಇಳಿಸಿದೆ.

ರದ್ದಿಯವನ ತಕ್ಕಡಿಯಲ್ಲಿ ತೂಗಿಸಿದೆವು.
ಸಾತ್‌ಬಾರಾ ಉತಾರೆಯಲ್ಲಿ ಎಲ್ಲೂ ಹೆಸರಿಲ್ಲದ ನನಗೆ
ಮೂರು ಕಿಲೋ ನೆಲ.
ಅದರಲ್ಲೂ ಅರ್ಧ
ತಾಂಡೇಲ್ ಬಾಯಿಯ ತುಳಸಿಗೆ.