ಎಣ್ಣೆ ಹಾಕಿದ ಭಾನುವಾರ

ತಪ್ಪು ತೆಮೂರಿಯದಲ್ಲ.
ರಾಟೆ ಕಿರುಗುಡುತ್ತಿತ್ತು, ಕೈಲಿ ಎಣ್ಣೆಯಿತ್ತು,
ಭಾನುವಾರವಾಗಿತ್ತು.
ವಾರವಿಡೀ ಉಕ್ಕಿನ ಕಾರ್ಖಾನೆಯಲ್ಲಿ
ದೊಡ್ಡ ದೊಡ್ಡ ಯಂತ್ರಗಳಿಗೆ ಉಣಿಸಿ ಬಂದವನು
ಮನೆಯ ಒಂದು ಪುಟ್ಟ ಗಾಲಿಗೆ
ನಾಲ್ಕು ಹನಿ ಬಿಟ್ಟ. ಅಷ್ಟೇ.

ರುಸ್ತಾವಿಯಲ್ಲಿ ನಮ್ಮದು ಐದನೆಯ ಮಹಡಿ.
ಅಂಗಳದ ನಡುವಿನ ಕಬ್ಬಿಣದ ಕಂಬಕ್ಕೂ
ನಮ್ಮ ಬಾಲ್ಕನಿಗೂ ಒಂದು ತಂತಿ;
ಎಳೆದರೆ ಒದ್ದೆ ಅಂಗಿಗಳು ಸಾಲಾಗಿ ಹೊರಡುತ್ತವೆ
ಕೆಳಗೆ ನಾರ್ದಿ ಆಡುವ ಮುದುಕರ ತಲೆಯ ಮೇಲೆ
ಹನಿ ಉದುರಿಸುತ್ತ, ಬೈಸಿಕೊಳ್ಳುತ್ತ.
ಎಳೆದಾಗಲೆಲ್ಲ ಕೀಂ... ಕೀಂ...

ಬಾಚೊಗೆ ಆಗ ಐದು ತುಂಬಿತ್ತು.
ಹೆಸರು ಕರೆದರೆ ತಿರುಗದವನು
ಆ ಕೀರಲಿಗೆ ಎಲ್ಲಿದ್ದರೂ ಓಡಿ ಬರುತ್ತಿದ್ದ,
ಸರಳಿಗೆ ಕಿವಿಯಾನಿಸಿ
ಎರಡೂ ಕೈ ಪಟಪಟ ಬಡಿಯುತ್ತಿದ್ದ.
ಅವನ ದಿನ ನಿಂತದ್ದೇ ಅದರ ಮೇಲೆ ಎಂದು
ನಮಗೆ ತಿಳಿದದ್ದು ಸದ್ದು ಸತ್ತ ಮೇಲೆ.

ಮೂರು ದಿನ.
ಅದನ್ನು ಅಳು ಎಂದರೆ ಅಳುವವರಿಗೆ ಅವಮಾನ.
ತಲೆ ಗೋಡೆಗೆ ಹೋಗುವಾಗ
ನಡುವೆ ನನ್ನ ಅಂಗೈ ಇಡುತ್ತಿದ್ದೆ.
ಎಡಗೈ ಸೋತರೆ ಬಲಗೈ.
ದೋಣಿಯಂಥ ರೊಟ್ಟಿಯಲ್ಲಿ ಎರಡು ಮೊನೆ ಮಾತ್ರ ತಿನ್ನುವವನು
(ಮೊನೆಯಿಲ್ಲದ ರೊಟ್ಟಿ ತಿಂದೇ ನಾವು
ವರುಷಗಳನ್ನು ಕಳೆದಿದ್ದೇವೆ)
ಆ ಮೊನೆಗಳನ್ನೂ ಬಿಟ್ಟ.

ತೆಮೂರಿ ಎಣ್ಣೆ ಒರೆಸಿದ.
ಸೋಪು ಹಾಕಿ ತೊಳೆದ. ಮರಳು ತಿಕ್ಕಿದ.
ಉಪ್ಪುನೀರು ಸುರಿದು
ತುಕ್ಕಿಗೆ ಕೈಮುಗಿದು ಕೂತ: ಬೇಗ ಬಾರಪ್ಪ.
ನುಣ್ಣಗೆ ತಿರುಗುತ್ತಲೇ ಇತ್ತು, ಹಾಳು ಗಾಲಿ.

ಎದುರು ಕಟ್ಟಡದ ತ್ಸಿಯಾಲಾ
ಹೋದ ಚಳಿಗಾಲ ಬ್ರೆಡ್ಡಿನ ಸಾಲಿನಲ್ಲಿ
ಎಲ್ಲರಿಗೂ ಕೇಳುವಂತೆ ಅಂದಿದ್ದಳು:
'ಮುದ್ದು ಮಾಡಿ ಕೆಡಿಸಿದ್ದೀರಿ,
ಒಂದು ವಾರ ನನ್ನ ಕೈಗೆ ಕೊಡಿ.'
ಅಂದಿನಿಂದ ನಮಗೆ ಮಾತಿಲ್ಲ.

ನಾಲ್ಕನೆಯ ದಿನ, ನಾಲ್ಕು ಗಂಟೆಗೆ,
ಮೋಡ ಕವಿದು, ಬಟ್ಟೆ ಹರವುವ ದಿನವೇ ಅಲ್ಲದ ದಿನ
ಕೀಂ...
ರಾತ್ರಿಯಂಗಿಯ ಮೇಲೆ ಕೋಟು ತೊಟ್ಟ ತ್ಸಿಯಾಲಾ
ತನ್ನ ತಂತಿ ಎಳೆಯುತ್ತಿದ್ದಾಳೆ.
ನೀಲಿ ಪಟ್ಟೆಯ ಒಂದೇ ಒಂದು ಟವೆಲ್ಲು
ಕಂಬದವರೆಗೆ ಹೋಯಿತು, ತಿರುಗಿ ಬಂತು.
ಮತ್ತೆ ಹೋಯಿತು.
ನಮ್ಮ ಕಡೆ ಅವಳು ನೋಡಲಿಲ್ಲ.
ಬಾಚೊನ ಅಳು ಬಾಯಲ್ಲೇ ನಿಂತು
ಬಾಯಿ ಹಾಗೇ ತೆರೆದಿತ್ತು.

ಅಂದಿನಿಂದ ದಿನವೂ ನಾಲ್ಕಕ್ಕೆ.
ಗಾಳಿಯಲ್ಲಿ ಅದು ಹಾರುವ ರೀತಿಗೇ ಗೊತ್ತು,
ಒಣಗಿದ ಟವೆಲ್ಲನ್ನೇ ಒಣಹಾಕುತ್ತಾಳೆ.
ಹುಳಿಪ್ಲಮ್ಮಿನ ಗೊಜ್ಜಿನ ಸೀಸೆ ಹಿಡಿದು ಹೋದೆ.
ಸೀಸೆ ತೆಗೆದುಕೊಂಡಳು. ಬಾಗಿಲು ಪೂರ್ತಿ ತೆಗೆಯಲಿಲ್ಲ.
'ಎಣ್ಣೆ ಹಾಕಲು ನನ್ನ ಮನೆಯಲ್ಲಿ ಗಂಡಸಿಲ್ಲ,
ಅಷ್ಟೇ' ಎಂದಳು.

ಇನ್ನೊಂದು ಹೇಳಬೇಕು.
ನಮ್ಮ ನುಡಿಯಲ್ಲಿ ತಾಯಿ ತನ್ನ ಮಗುವನ್ನು ಕರೆಯುವುದು
ದೇದಾ ಎಂದು. ದೇದಾ ಎಂದರೆ ಅಮ್ಮ.
ಬಾ ದೇದಾ, ತಿನ್ನು ದೇದಾ, ಕಾಲ್ಚೀಲ ತೆಗೀಬೇಡ ದೇದಾ.
ನಮ್ಮ ಹೆಸರನ್ನು ಅವರಿಗೆ ಸಾಲ ಕೊಡುತ್ತೇವೆ;
ಮಿಕ್ಕ ಮನೆಗಳಲ್ಲಿ ವರ್ಷ ತುಂಬುವುದರೊಳಗೆ
ಸಾಲ ತೀರುತ್ತದೆ.

ಕಳೆದ ಗುರುವಾರ ಸ್ನಾನದ ಮನೆಯಲ್ಲಿ
ತಲೆ ಒರೆಸುವಾಗ, ನಲ್ಲಿಯನ್ನೇ ನೋಡುತ್ತ
ಬಾಚೊ ಅಂದ: ದೇದಾ.

ತೆಮೂರಿ ಕೇಳಿಸಿಕೊಂಡು ಬಾಗಿಲಲ್ಲೇ ಕೂತುಬಿಟ್ಟ.
ಕಲಿಸಲು ಬರುವ ಕೇತೋ ತನ್ನ ಪುಸ್ತಕದಲ್ಲಿ
'ಕರೆಯೋ, ಬರೀ ಮಾರುಲಿಯೋ, ನೋಡಬೇಕು' ಎಂದು ಬರೆದುಕೊಂಡಳು.
ನ್ಯಾಯವೇ. ನನ್ನನ್ನು ಕರೆದನೋ,
ದಿನಕ್ಕೆ ನೂರು ಸಲ ಕೇಳಿ ಕೇಳಿ
ತನ್ನ ಹೆಸರೇ ಅದೆಂದು ನಲ್ಲಿಗೆ ಹೇಳಿದನೋ
ನನಗೂ ಗೊತ್ತಿಲ್ಲ.
'ಹೂಂ ದೇದಾ' ಅಂದೆ.
ಎರಡಕ್ಕೂ ಅದೇ ಉತ್ತರ.

ಈಗ ನಾಲ್ಕಕ್ಕೆ ಐದು ನಿಮಿಷ.
ಸರಳಿಗೆ ಕಿವಿಯಿಟ್ಟು ನಿಂತಿದ್ದಾನೆ.
ನಿನ್ನೆಯಿಂದ ತ್ಸಿಯಾಲಾಗೆ ಕೆಮ್ಮು,
ಅವಳ ಬಾಗಿಲು ಇನ್ನೂ ತೆರೆದಿಲ್ಲ.
ನನ್ನ ಬಕೆಟ್ಟಿನಲ್ಲಿ ಹಿಂಡಿಟ್ಟ ಬಟ್ಟೆ ಹಾಗೇ ಇದೆ,
ನಾನೂ ಅಲ್ಲೇ ನೋಡುತ್ತಿದ್ದೇನೆ.